ಕಾಸರಗೋಡಿನಿಂದ ಬೆಂಗಳೂರಿಗೆ ಎಷ್ಟು ದೂರ? ವಿಮಾನದಲ್ಲಿ ಹೋದರೆ ಬೇಗ ಆಗುತ್ತಾ?

ನಮ್ಮ ಕಡೆಯವರು ಬೆಂಗಳೂರಿಗೆ ಹೊರಟಾಗೆಲ್ಲ ಈ ಪ್ರಶ್ನೆ ಬರುತ್ತದೆ. ವಿಮಾನ ಒಂದೇ ಗಂಟೆ ಅಲ್ವಾ, ಬಸ್ಸಿನಲ್ಲಿ ರಾತ್ರಿಯಿಡೀ ಯಾಕೆ ಕುಲುಕಿಸಿಕೊಂಡು ಹೋಗಬೇಕು?

ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಸುಮಾರು 285 ಕಿ.ಮೀ. ಅಷ್ಟೇ. ರಸ್ತೆಯಲ್ಲಿ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಮಡಿಕೇರಿ, ಮೈಸೂರು ಅಂತ ಹೋದರೆ 360–370 ಆಗುತ್ತದೆ. ಮಂಗಳೂರಿಗೆ ಹೋಗಿ ಶಿರಾಡಿ ಘಾಟಿ ಹತ್ತಿದರೆ 400ರ ಹತ್ತಿರ. ಈ ಹೆಚ್ಚುವರಿ ದೂರಕ್ಕೆ ಘಟ್ಟವೂ ಕಾರಣ, ಮೈಸೂರಿನ ಸುತ್ತೂ ಕಾರಣ.

ಕಾರಿನಲ್ಲಿ ಎಂಟು ಗಂಟೆ ಹಿಡಿಯಿರಿ. ಮೈಸೂರು ದಾಟಿದ ಮೇಲೆ 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಇದೆ, ಅಲ್ಲಿ ಚಿಂತೆಯಿಲ್ಲ. ಹೊತ್ತು ತಿನ್ನುವುದು ಸಂಪಾಜೆ ಘಾಟಿ. ಕಡಲ ಪಕ್ಕದ ಊರಿನಿಂದ ಹೊರಟು 1,100 ಮೀಟರಿಗೂ ಮೇಲಿರುವ ಮಡಿಕೇರಿಗೆ ಏರಬೇಕು, ತಿರುವಿನ ಮೇಲೆ ತಿರುವು, ಹಿಂದಿನ ಸೀಟಿನಲ್ಲಿ ಯಾರಾದರೊಬ್ಬರು ಲಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿರುತ್ತಾರೆ. ಮಳೆಗಾಲದಲ್ಲಿ ಹೊರಡುವ ಮೊದಲು ರಸ್ತೆ ತೆರೆದಿದೆಯಾ ಕೇಳಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಈ ದಾರಿ ವಾರಗಟ್ಟಲೆ ಬಂದ್ ಆಗಿತ್ತು.

ಇನ್ನು ವಿಮಾನ. ಕಾಸರಗೋಡಿನಲ್ಲಿ ವಿಮಾನ ನಿಲ್ದಾಣ ಇಲ್ಲ, ಲೆಕ್ಕ ತಪ್ಪುವುದೇ ಇಲ್ಲಿ. ಕಣ್ಣೂರಿನದು 2018ರಲ್ಲೇ ಶುರುವಾಯಿತು, ಆದರೆ ಅದು ಮಟ್ಟನ್ನೂರಿನಲ್ಲಿದೆ, ನಮಗೆ ದೂರ. ಹತ್ತಿರದ್ದು ಮಂಗಳೂರಿನ ಬಜ್ಪೆ, 60 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಎಂಟೂ ಕಾಲಿನ ವಿಮಾನ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಐದಕ್ಕೇ ಮನೆ ಬಿಡಬೇಕು. ತಲಪಾಡಿ ತನಕ ರಸ್ತೆ ಅಗಲವಾಗಿದೆ ನಿಜ, ಮಂಗಳೂರು ಪೇಟೆ ದಾಟಿ ಗುಡ್ಡ ಹತ್ತುವ ಹೊತ್ತಿಗೆ ಆರೂವರೆ. ಒಂಬತ್ತೂ ಕಾಲಿಗೆ ಇಳಿದಿರಿ, ಬ್ಯಾಗಿಗೆ ಕಾದಿರಿ. ಆದರೆ ಇಳಿದದ್ದು ದೇವನಹಳ್ಳಿಯಲ್ಲಿ! ಅಲ್ಲಿಂದ ಮೆಜೆಸ್ಟಿಕ್‌ಗೆ ಇನ್ನೂ 35 ಕಿ.ಮೀ. ಇದೆ. ವಾಯುವಜ್ರ ಬಸ್ಸು ಹೆಬ್ಬಾಳದ ಸಂದಣಿ ದಾಟಿ ಮೆಜೆಸ್ಟಿಕ್ ಮುಟ್ಟುವಾಗ ಹನ್ನೊಂದು ಕಾಲು. ಮನೆಯಿಂದ ಲೆಕ್ಕ ಹಾಕಿದರೆ ಆರೂಕಾಲು ಗಂಟೆ, ಕಾರಿಗಿಂತ ಉಳಿದದ್ದು ಎರಡು ಗಂಟೆಗೂ ಕಡಿಮೆ. ವಿಮಾನ ತಡವಾದರೆ ಅದೂ ಇಲ್ಲ. ಒಮ್ಮೆ ಬಜ್ಪೆಯಲ್ಲಿ ಎರಡು ಗಂಟೆ ಕೂತಿದ್ದೆ, ಕಾರಣ ಯಾರೂ ಹೇಳಲಿಲ್ಲ.

ರಾತ್ರಿ ಬಸ್ಸಿಗೆ ಒಂಬತ್ತು ಗಂಟೆ ಬೇಕು, ಆದರೆ ಅದು ಹೇಗೂ ಮಲಗುವ ಹೊತ್ತು. ಒಂಬತ್ತಕ್ಕೆ ಹತ್ತಿದರೆ ಬೆಳಿಗ್ಗೆ ಆರಕ್ಕೆ ಬೆಂಗಳೂರು. ಕಣ್ಣೂರು ಕಡೆಯ ರಾತ್ರಿ ರೈಲೂ ಕಾಸರಗೋಡಿನಲ್ಲಿ ನಿಲ್ಲುತ್ತದೆ, ಸಮಯ ಬಸ್ಸಿಗಿಂತ ಜಾಸ್ತಿ. ಮತ್ತೆ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನು ಮಾತ್ರ. ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿ, ಒಂದು ಹಲಸಿನಹಣ್ಣು ಅಂದರೆ ಅಲ್ಲಿಗೇ ಮುಗಿಯಿತು.

ನಾನಾದರೆ ಮೊದಲು ಕೇಳುವುದು, ಬೆಂಗಳೂರಿನಲ್ಲಿ ಎಲ್ಲಿಗೆ? ಯಲಹಂಕವೋ ಹೆಬ್ಬಾಳವೋ ಆದರೆ ವಿಮಾನ ಹತ್ತಿ. ಕೆಂಗೇರಿ ಕಡೆ ಆದರೆ ಸುಮ್ನೆ ಬಸ್ಸು ಹತ್ತಿ ಮಲಗಿ. ಮೈಸೂರು ದಾರಿಯಲ್ಲಿ ಬಂದ ಬಸ್ಸು ಮೆಜೆಸ್ಟಿಕ್‌ಗಿಂತ ಮೊದಲೇ ಅಲ್ಲಿ ಇಳಿಸುತ್ತದೆ, ಕಂಡಕ್ಟರಿಗೆ ರಾತ್ರಿಯೇ ಹೇಳಿಡಿ.