ಸಣಕಲು ಮೈಯೊಳಗಿನ ಬೊಜ್ಜು: ಕೊಬ್ಬಿನ ಕೋಶ ಹುಟ್ಟುವ ಬಗೆ

“ಇರೋದೇ ಕಡ್ಡಿ ಹಾಗೆ, ಅವನಿಗೆ ಹೇಗಪ್ಪಾ ಶುಗರ್ ಬಂತು?” ಪುಣೆಯ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಈ ಮಾತು ಕೇಳದೆ ಇರುವುದಿಲ್ಲ. ಕೊಥ್ರೂಡಿನ ನಿವೃತ್ತರಾಗಲಿ, ಹಿಂಜವಡಿಯ ಐಟಿ ಹುಡುಗರಾಗಲಿ, ಹೊಟ್ಟೆ ಕಾಣಿಸದವರ ರಿಪೋರ್ಟಿನಲ್ಲೂ ಸಕ್ಕರೆ ಏರಿರುತ್ತದೆ. ಪ್ರಶ್ನೆ ಸರಿಯಾದದ್ದೇ. ಉತ್ತರದ ಒಂದು ಪಾಲು ಇದೇ ಊರಿನಲ್ಲಿ ಸಿಕ್ಕಿತು. ಇನ್ನೊಂದು ಪಾಲಿಗೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1974ರಲ್ಲಿ ಅಮೆರಿಕದ ಹೊವಾರ್ಡ್ ಗ್ರೀನ್ ಮತ್ತು ಸಂಗಡಿಗರು ಇಲಿಯ ಭ್ರೂಣದಿಂದ ಬಂದ ಕೋಶಗಳ ಒಂದು ತಳಿಯನ್ನು ಬೇರ್ಪಡಿಸಿದರು. ಹೆಸರು 3ಟಿ3-ಎಲ್1. ಕೊಬ್ಬಿನ ಕೋಶ ಹುಟ್ಟುವುದನ್ನು ಮೊದಲಿಂದ ಕೊನೆಯವರೆಗೆ ಕಣ್ಣಾರೆ ನೋಡಲು ಇದರಿಂದ ಸಾಧ್ಯವಾಯಿತು. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ (ಎನ್‌ಸಿಸಿಎಸ್) ಕೋಶ ಭಂಡಾರದಿಂದ ಇದೇ ತಳಿ ಇಂದು ದೇಶದ ಪ್ರಯೋಗಾಲಯಗಳಿಗೆ ಹೋಗುತ್ತದೆ. ಮೊದಲು ನೋಡಿದರೆ ತೆಳ್ಳನೆಯ, ಚೂಪು ತುದಿಯ ಕೋಶಗಳು. ತಟ್ಟೆ ತುಂಬಿದ ಮೇಲೆ ಇನ್ಸುಲಿನ್, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಐಬಿಎಂಎಕ್ಸ್ ಎಂಬ ರಾಸಾಯನಿಕ ಬೆರೆಸಿದ ದ್ರವ ಹಾಕುತ್ತಾರೆ. ವಾರ ಕಳೆಯುವಷ್ಟರಲ್ಲಿ ಅವು ದುಂಡಗಾಗಿ, ಒಳಗೆಲ್ಲ ಎಣ್ಣೆಯ ಹನಿಗಳು ತುಂಬಿಕೊಳ್ಳುತ್ತವೆ. ಕೊಬ್ಬಿಗೆ ಅಂಟುವ ‘ಆಯಿಲ್ ರೆಡ್ ಒ’ ಬಣ್ಣ ಹಾಕಿದರೆ ತಟ್ಟೆ ಬರಿಗಣ್ಣಿಗೇ ಕೆಂಪಾಗಿ ಕಾಣುತ್ತದೆ.

ಈ ಒಂದು ವಾರದಲ್ಲಿ ಕೋಶದ ಜೀನ್‌ಗಳೇನೂ ಬದಲಾಗುವುದಿಲ್ಲ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದಷ್ಟೇ ಬದಲಾಗುತ್ತದೆ. ಕೆಲವೇ ಗಂಟೆಗಳಲ್ಲಿ ಸಿಇಬಿಪಿ-ಬೀಟಾ, ಸಿಇಬಿಪಿ-ಡೆಲ್ಟಾ ಎಂಬ ನಿಯಂತ್ರಕ ಪ್ರೋಟೀನುಗಳು ಏಳುತ್ತವೆ. ಅವು ಪಿಪಿಎಆರ್-ಗಾಮಾ, ಸಿಇಬಿಪಿ-ಆಲ್ಫಾ ಎಂಬ ಇನ್ನೆರಡನ್ನು ಎಬ್ಬಿಸುತ್ತವೆ. ಆಮೇಲೆ ಈ ಎರಡೂ ಒಂದನ್ನೊಂದು ಮಲಗಲು ಬಿಡುವುದಿಲ್ಲ. ಹಾಗಾಗಿಯೇ ದ್ರವ ಬದಲಾಯಿಸಿದ ಮೇಲೂ ಕೋಶ ಕೊಬ್ಬಿನ ಕೋಶವಾಗಿಯೇ ಉಳಿಯುತ್ತದೆ.

ಇವುಗಳಲ್ಲಿ ಯಜಮಾನ ಯಾರೆಂದು 1994ರಲ್ಲಿ ಗೊತ್ತಾಯಿತು. ಪೀಟರ್ ಟಾಂಟೊನೊಜ್ ಮತ್ತು ಬ್ರೂಸ್ ಸ್ಪೀಗಲ್‌ಮನ್ ಸಾಮಾನ್ಯ ನಾರುಕೋಶಗಳಿಗೆ (ಫೈಬ್ರೊಬ್ಲಾಸ್ಟ್) ಪಿಪಿಎಆರ್-ಗಾಮಾ ಜೀನ್ ಸೇರಿಸಿದರು. ಅವು ಕೊಬ್ಬಿನ ಕೋಶಗಳಾದವು. ಮರುವರ್ಷವೇ ಗೊತ್ತಾದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಇಡೀ ಕಥೆಯ ತಿರುವು: ಸಕ್ಕರೆ ಇಳಿಸುವ ಗ್ಲಿಟಜೋನ್ ಮಾತ್ರೆಗಳು ಅಂಟಿಕೊಳ್ಳುವುದೂ ಇದೇ ಪ್ರೋಟೀನಿಗೆ. ಕೊಬ್ಬಿನ ಕೋಶ ಹುಟ್ಟಿಸುವ ಮದ್ದು ಸಕ್ಕರೆಯನ್ನು ಇಳಿಸುವುದು ಹೇಗೆ? ಕಣಜ ಸಾಲದಿದ್ದರೆ ಧಾನ್ಯ ಪಡಸಾಲೆಗೆ ಬಂದು ಬೀಳುತ್ತದೆ. ಚರ್ಮದಡಿಯ ಕೋಶಗಳಲ್ಲಿ ಜಾಗ ಸಿಗದ ಕೊಬ್ಬು ಹಾಗೆಯೇ ಯಕೃತ್ತು, ಸ್ನಾಯುಗಳಲ್ಲಿ ಸೇರಿಕೊಂಡು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಪಿಪಿಎಆರ್-ಗಾಮಾ ಜೀನಿನಲ್ಲಿ ದೋಷವಿರುವ ಅಪರೂಪದ ಕುಟುಂಬಗಳಲ್ಲಿ ಕೈಕಾಲುಗಳ ಕೊಬ್ಬು ಕರಗಿ, ತೀವ್ರ ಮಧುಮೇಹ ಬರುವುದೂ ಇದನ್ನೇ ಹೇಳುತ್ತದೆ. ಬೊಜ್ಜನ್ನು ಬರೀ ಬಾಯಿಚಪಲದ ಶಿಕ್ಷೆ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ.

ಈ ಗ್ಲಿಟಜೋನ್ ಮದ್ದುಗಳ ಹಾದಿಯೇನೂ ಸುಗಮವಾಗಿರಲಿಲ್ಲ. ಹೃದಯದ ಆತಂಕದಿಂದ ರೋಸಿಗ್ಲಿಟಜೋನ್ 2010ರಲ್ಲಿ ಭಾರತದಲ್ಲಿ ನಿಂತುಹೋಯಿತು. ಪಯೋಗ್ಲಿಟಜೋನ್‌ಗೆ 2013ರ ಜೂನ್‌ನಲ್ಲಿ ತಡೆ ಬಿತ್ತು, ಜುಲೈ ಮುಗಿಯುವಷ್ಟರಲ್ಲಿ ಎಚ್ಚರಿಕೆಯ ಮಾತಿನೊಂದಿಗೆ ತಿರುಗಿ ಬಂತು.

ಇನ್ನು ಪುಣೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಸುತ್ತಲಿನ ಹಳ್ಳಿಗಳ ತಾಯಂದಿರ ಅಧ್ಯಯನ ಶುರುಮಾಡಿತು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳದ್ದು 3.5. ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಸಣ್ಣವು, ಬೆನ್ನ ಮೇಲಿನ ಕೊಬ್ಬು ಮಾತ್ರ ಹೆಚ್ಚು ಕುಗ್ಗಿರಲಿಲ್ಲ. 2004ರಲ್ಲಿ ಯಾಜ್ಞಿಕ್ ತಮ್ಮ ಮತ್ತು ಬ್ರಿಟನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರ ಅಳತೆಯನ್ನೇ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪಕ್ಕಪಕ್ಕ ಇಟ್ಟರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ: 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2.

ಜೀನ್ ನಿಯಂತ್ರಣದ ಎಳೆ ಈ ಹಳ್ಳಿಗಳಿಗೆ ತಲುಪುವುದು ವಿಟಮಿನ್ ಮೂಲಕ. ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ನಿಗೆ ಮೈ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚಿದ್ದುದನ್ನು ತಂಡ 2008ರಲ್ಲಿ ತೋರಿಸಿತು. ಡಿಎನ್‌ಎ ಮೇಲೆ ಮೀಥೈಲ್ ಗುರುತು ಬಿದ್ದು ಜೀನ್‌ಗಳು ತೆರೆದುಕೊಳ್ಳುವ, ಮುಚ್ಚಿಕೊಳ್ಳುವ ವ್ಯವಸ್ಥೆಗೆ ಈ ಎರಡೂ ವಿಟಮಿನ್ ಬೇಕು. ಸಸ್ಯಾಹಾರದಲ್ಲಿ ಬಿ12 ಸಿಗುವುದು ಬಹುಮಟ್ಟಿಗೆ ಹಾಲು, ಮೊಸರಿನಿಂದ ಮಾತ್ರ. ಹೊಟ್ಟೆತುಂಬ ಅನ್ನ-ಸಾರು ಉಂಡ ಬಸುರಿಗೂ ಇದರ ಕೊರತೆ ಇರಬಹುದು ಎಂಬುದನ್ನು ನಮ್ಮ ಮನೆಗಳ ಹಿರಿಯರಿಗೆ ಯಾರಾದರೂ ಬಿಡಿಸಿ ಹೇಳಬೇಕು.

1993ರ ಆ ಅಧ್ಯಯನದಲ್ಲಿ ಹುಟ್ಟಿದ ಮಕ್ಕಳು ಹದಿಹರೆಯಕ್ಕೆ ಬಂದಾಗ, 2012ರಲ್ಲಿ, ‘ಪ್ರಿಯಾ’ ಎಂಬ ಪ್ರಯೋಗ ಶುರುವಾಯಿತು. ಹುಡುಗ ಹುಡುಗಿಯರಿಗೆ ಅಪ್ಪ ಅಮ್ಮ ಆಗುವ ಮುಂಚೆಯೇ ಬಿ12 ಕೊಟ್ಟು, ಅವರಿಗೆ ಹುಟ್ಟುವ ಮಕ್ಕಳನ್ನು ಅಳೆಯುವುದು ಅದರ ಕೆಲಸವಾಗಿತ್ತು.