ಕುಟುಕುಕಣ: ಲೋಳೆಮೀನು ಕಚ್ಚುವುದಿಲ್ಲ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು: ‘ಕಡಲಿಗಿಳಿದವರಿಗೆ ಲೋಳೆಮೀನು ಕಚ್ಚಿ ಗಾಯ.’ ಎಷ್ಟನೇ ಸಲವೋ ಏನೋ. ಲೋಳೆಮೀನಿಗೆ, ಅಂದರೆ ಜೆಲ್ಲಿಫಿಶ್‌ಗೆ, ಹಲ್ಲೂ ಇಲ್ಲ, ದವಡೆಯೂ ಇಲ್ಲ. ಕೊಡೆಯಂಥ ಮೈಯ ಅಡಿಯಲ್ಲಿ ಬಾಯಿ ಇದೆ, ನಿಜ. ತಿಂದದ್ದರ ಕಸ ಹೊರಬೀಳುವುದೂ ಅಲ್ಲಿಂದಲೇ. ಆದರೆ ಉರಿ ಹತ್ತಿಸುವುದು ಆ ಬಾಯಿಯಲ್ಲ. (ಅದು ಮೀನೂ ಅಲ್ಲ. ಆ ಜಗಳ ಇವತ್ತು ಬೇಡ.)

ಇದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ: ಕುಟುಕು. ಚೇಳು ಕುಟುಕುತ್ತದೆ, ಜೇನ್ನೊಣ ಕುಟುಕುತ್ತದೆ, ಕೆಲವರ ಮಾತೂ ಕುಟುಕುತ್ತದೆ. ಗುಪ್ತ ಕ್ಯಾಮೆರಾ ಇಟ್ಟರೆ ಸಾಕು, ಪತ್ರಿಕೆಗಳು ‘ಕುಟುಕು ಕಾರ್ಯಾಚರಣೆ’ ಅನ್ನುತ್ತವೆ. ಕ್ಯಾಮೆರಾಕ್ಕೆ ಸಿಕ್ಕ ಪದ ನಿಜವಾಗಿ ಕುಟುಕುವ ಪ್ರಾಣಿಗೆ ಸಿಗಲಿಲ್ಲ, ನೋಡಿ.

ಲೋಳೆಮೀನು, ಹೈಡ್ರಾ, ಹವಳ, ಸೀ ಅನಿಮೋನ್ ಎಲ್ಲ ಸೇರಿದ ಗುಂಪಿಗೆ ಕನ್ನಡದಲ್ಲಿ ಹೆಸರೇ ‘ಕುಟುಕುಕಣವಂತ’. ಧನವಂತ, ಗುಣವಂತ ಇದ್ದ ಹಾಗೆ, ಕುಟುಕುಕಣ ಉಳ್ಳದ್ದು. ಇಲ್ಲಿ ಕಣ ಅಂದರೆ ಧೂಳಿನ ಕಣವಲ್ಲ, ಜೀವಕಣ. ಈಗಿನ ಪುಸ್ತಕಗಳ ಜೀವಕೋಶ. ನೀರಲ್ಲಿ ತೇಲುವ ವಿಷದ ಪುಡಿ ಅಂದುಕೊಂಡವರನ್ನೂ ನೋಡಿದ್ದೇನೆ. ಈ ಗುಂಪಿಗೆ ವಿಜ್ಞಾನಿಗಳು ಹೇಳುವ ‘ನಿಡೇರಿಯಾ’ದ ಬೇರು ಗ್ರೀಕಿನ ‘ಕ್ನಿಡೆ’. ಮುಟ್ಟಿದರೆ ಉರಿಯುವ ಗಿಡ, ನಮ್ಮ ತುರಚೆಯಂಥದ್ದು. ತುರಚೆ ಸೊಪ್ಪು ‘ಕಚ್ಚಿತು’ ಅಂತ ಯಾರಾದರೂ ಅಂತಾರಾ?

ಈ ಕುಟುಕುಕಣದೊಳಗೆ ಒಂದು ಪುಟ್ಟ ಚೀಲ, ಅದರಲ್ಲಿ ಸುರುಳಿ ಸುತ್ತಿದ ಟೊಳ್ಳು ದಾರ. ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು. ತಗುಲಿದ ಕೂಡಲೇ ಮುಚ್ಚಳ ತೆರೆದು ದಾರ ಒಳಹೊರಗಾಗಿ ಸಿಡಿಯುತ್ತದೆ. ಹೈಡ್ರಾದಲ್ಲಿ ಅಳೆದಿದ್ದಾರೆ: ಮೊದಲ ಚುಚ್ಚಿಗೆ 700 ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಒಂದು ಕಣ ಸಿಡಿಯುವುದು ಒಂದೇ ಸಲ. ಆಮೇಲೆ ಹೊಸದು ಹುಟ್ಟಬೇಕು.

ಸಿಡಿಯಲು ಪ್ರಾಣಿಗೆ ಸಿಟ್ಟು ಬರಬೇಕಿಲ್ಲ. ಬದುಕಿರಬೇಕು ಅಂತಲೂ ಇಲ್ಲ. ಮರಳ ಮೇಲೆ ಸತ್ತು ಬಿದ್ದ, ಕುಟುಕು ಜೀವವೂ ಉಳಿಯದ ಲೋಳೆಮೀನೂ ಕುಟುಕಬಲ್ಲದು. ‘ಕಚ್ಚಿತು’ ಅಂದಾಗ ತಪ್ಪಿಹೋಗುವುದು ಇದೇ. ಸತ್ತದ್ದು ಕಚ್ಚಲ್ಲ ಅಂತ ಮಕ್ಕಳು ಕೈಯಲ್ಲಿ ಎತ್ತಿ ಆಡುತ್ತಾರೆ, ದೊಡ್ಡವರು ಸುಮ್ನೆ ನೋಡುತ್ತಾರೆ. ತಗುಲಿದ ಜಾಗಕ್ಕೆ ಬಾಟಲಿ ನೀರು ಸುರಿಯಬೇಡಿ. ಸಿಹಿನೀರಿಗೆ ಉಳಿದ ಕಣಗಳೂ ಸಿಡಿಯಬಹುದು. ಕಡಲ ನೀರಲ್ಲೇ ತೊಳೆಯಿರಿ.

ಇನ್ನು ಸ್ಪಂಜು ಎಂಬ ನೀರಿನ ಪ್ರಾಣಿ. ಅದಕ್ಕೆ ಬಾಯಿ, ನರ, ಕುಟುಕುಕಣ ಯಾವುದೂ ಇಲ್ಲ. ಮೈತುಂಬ ತೂತು. ನೀರು ಒಳಗೆಳೆದು, ಸೋಸಿ ತಿಂದು, ಹೊರಬಿಡುತ್ತದೆ. ಹಿಂದೆ ಇದನ್ನೂ ಲೋಳೆಮೀನಿನ ಜೊತೆಗೇ ಸೇರಿಸುತ್ತಿದ್ದರು. 1888ರಲ್ಲಿ ಪ್ರಾಣಿವಿಜ್ಞಾನಿ ಹಾಚೆಕ್ ಬೇರೆ ಬೇರೆ ಮಾಡಿದ.