ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಅಮೆರಿಕ: ಇದು ಹೇಗೆ ಸಾಧ್ಯ?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳು ಈ ಸಲ ಬರಲೇಬೇಕು ಅಂತ ಹಟ ಹಿಡಿದಿದ್ದಾಳೆ. ನನ್ನ ಓರಗಿತ್ತಿ ಹಿಂದೆ ಬೇಸಿಗೆಯಲ್ಲಿ ನೇರ ವಿಮಾನದಲ್ಲಿ ಹೋಗಿದ್ದರು. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ಇಳಿದರಂತೆ. ವಾಪಸ್ ಬರುವಾಗ ಸೋಮವಾರ ರಾತ್ರಿ 9ಕ್ಕೆ ಹತ್ತಿ, ಬುಧವಾರ ಬೆಳಗಿನ ಜಾವ 2.30ಕ್ಕೆ ತಲುಪಿದರಂತೆ! ನಿಜಕ್ಕೂ ಎಷ್ಟು ದೂರ, ಎಷ್ಟು ಹೊತ್ತು?
– ಬಸವನಗುಡಿಯ ಓದುಗರು

ಹೋಗುವಾಗ 16 ಗಂಟೆ, ಬರುವಾಗ 17 ಗಂಟೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಹಾಗಾಗಿ ಹೊರಡುವ ಮತ್ತು ಇಳಿಯುವ ಹೊತ್ತನ್ನು ನೇರವಾಗಿ ಕಳೆಯಬೇಡಿ. ಓರಗಿತ್ತಿಯವರ ಲೆಕ್ಕದಲ್ಲಿ ಹೋಗುವಾಗಿನ ಮೂರೂವರೆ ಗಂಟೆಗೆ ಹನ್ನೆರಡೂವರೆ ಕೂಡಿಸಿ, ಬರುವಾಗಿನ ಇಪ್ಪತ್ತೊಂಬತ್ತೂವರೆಯಿಂದ ಹನ್ನೆರಡೂವರೆ ಕಳೆಯಿರಿ.

ದೂರದ ವಿಷಯ ಇನ್ನೂ ಚೆಂದ. ಮನೆಯಲ್ಲಿ ಮೊಮ್ಮಕ್ಕಳ ಗ್ಲೋಬ್ ಇದ್ದರೆ ಹೊಲಿಗೆ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲಿಟ್ಟು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿ ಬೆಳೆದ ನಮಗೆ ಅಚ್ಚರಿಯೇ ಆಗುತ್ತದೆ. ದಾರ ಪೂರ್ವಕ್ಕೂ ಹೋಗದು, ಪಶ್ಚಿಮಕ್ಕೂ ಹೋಗದು. ಹೆಚ್ಚು ಕಡಿಮೆ ಉತ್ತರಕ್ಕೇ ಏರಿ, ನೇಪಾಳ, ಟಿಬೆಟ್, ಸೈಬೀರಿಯ ದಾಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಅದರ ಉದ್ದ ಸುಮಾರು 14,000 ಕಿ.ಮೀ. ಎರಡೂರಿನ ನಡುವೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆದರೆ ವಿಮಾನ ದಾರದ ಗೆರೆಯನ್ನೇ ಹಿಡಿದು ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಇಳಿದರೆ ಪೈಲಟ್ ಬೇಗನೆ ಸುಮಾರು 10,000 ಅಡಿಗೆ ಇಳಿಸಬೇಕು. ಟಿಬೆಟ್‌ನ ನೆಲವೇ ಬಹುಪಾಲು ಅದಕ್ಕಿಂತ ಎತ್ತರ. ಅದಕ್ಕೇ ಸಾಮಾನ್ಯವಾಗಿ ಸುತ್ತಿ ಹೋಗುತ್ತಾರೆ.

ಇನ್ನು ಗಾಳಿ. ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಗಂಟೆಗೆ 900 ಕಿ.ಮೀ. ಹೋಗುವ ವಿಮಾನಕ್ಕೆ 100 ಕಿ.ಮೀ. ವೇಗದ ಗಾಳಿ ಬೆನ್ನಿಗೆ ಬಂದರೆ 14,000 ಕಿ.ಮೀ.ಗೆ 14 ಗಂಟೆ ಸಾಕು. ಎದುರಾದರೆ ಹದಿನೇಳೂವರೆ ಬೇಕು. ಬರುವಾಗ ಹೆಚ್ಚು ಹೊತ್ತು ಹಿಡಿಯುವುದು ಮುಖ್ಯವಾಗಿ ಇದಕ್ಕೇ. ಭೂಮಿ ತಿರುಗುವುದರಿಂದ ನಮ್ಮೂರು ತಾನೇ ಹತ್ತಿರ ಬರುತ್ತದೆ ಎಂದು ಕೆಲವರು ಹೇಳುವುದುಂಟು. ಅದು ತಪ್ಪು, ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿರುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಯಲ್ಲಿ ದೇವನಹಳ್ಳಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ.

ನೀವು ನಡುವೆ ವಿಮಾನ ಬದಲಿಸಿ ಹೋಗುವುದಾದರೆ ಟಿಕೆಟ್‌ನಲ್ಲಿ ಒಟ್ಟು ಅವಧಿ ಎಷ್ಟೆಂದು ನೋಡಿ; ಕಾಯುವ ಹೊತ್ತೂ ಅದರಲ್ಲೇ ಸೇರಿರುತ್ತದೆ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಆ ಗಂಟೆಗಳನ್ನು ಚೀಟಿಯಲ್ಲಿ ಬರೆದು, ಯಾವಾಗ ಯಾವ ಮಾತ್ರೆ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಕೈಗಡಿಯಾರವನ್ನು ಇಳಿಯುವ ತನಕ ಬೆಂಗಳೂರಿನ ಸಮಯಕ್ಕೇ ಬಿಟ್ಟಿರಿ.